ನೇರ ಕೊಳವೆಯ ಜರ್ಮನ್ ಬೈನಾಕ್ಯುಲರ್

ಎರಡು ಉಬ್ಬು ಲೆನ್ಸುಗಳ ದೂರದರ್ಶಕದಲ್ಲಿ ಚಿತ್ರ ತಲೆಕೆಳಗಾಗಿ ಕಾಣುತ್ತದೆ. ನಕ್ಷತ್ರ ನೋಡುವವರಿಗೆ ಪರವಾಗಿಲ್ಲ, ಹಕ್ಕಿ ನೋಡುವವರಿಗೆ ಆಗಲ್ಲ. ಅದನ್ನು ನೆಟ್ಟಗೆ ಮಾಡಲು ಒಳಗೆ ಗಾಜಿನ ಪ್ರಿಸಂ ಇಡುತ್ತಾರೆ. 1894ರಲ್ಲಿ ಜರ್ಮನಿಯ ಯೆನಾದ ಜೈಸ್ ಕಂಪನಿ ಮಾರಾಟಕ್ಕೆ ತಂದ ಬೈನಾಕ್ಯುಲರ್‌ನಲ್ಲಿ ಇದ್ದದ್ದು ಇಟಲಿಯ ಇಗ್ನಾಜಿಯೊ ಪೊರೊ ರೂಪಿಸಿದ ಪ್ರಿಸಂ. ಅದರಲ್ಲಿ ಬೆಳಕು ಪಕ್ಕಕ್ಕೆ ಸರಿದು ಮುಂದೆ ಹೋಗುತ್ತದೆ. ಹಾಗಾಗಿ ಉಪಕರಣ ಅಗಲ.

ವೆಟ್ಸ್‌ಲರ್ ಊರಿನ ಮೋರಿಟ್ಸ್ ಹೆನ್ಸೋಲ್ಟ್ ಬೇರೆ ದಾರಿ ಹಿಡಿದ. 1897ರಿಂದ ಅವನು ರೂಫ್ ಪ್ರಿಸಂ ಇರುವ ಬೈನಾಕ್ಯುಲರ್ ಮಾರತೊಡಗಿದ. ಈ ಪ್ರಿಸಂನಲ್ಲಿ ಎರಡು ಮುಖಗಳು ಮನೆಯ ಮಾಡಿನ ಹಾಗೆ ಒಂದು ಏಣಿನಲ್ಲಿ ಕೂಡುತ್ತವೆ. ಡಯಾಲಿಟ್ ಎಂಬ ಬೈನಾಕ್ಯುಲರ್ ಹೆಸರು ಹೆನ್ಸೋಲ್ಟ್‌ನದೇ. ಅವನ ಕಂಪನಿ 1928ರಲ್ಲಿ ಜೈಸ್ ಹಿಡಿತಕ್ಕೆ ಹೋದ ಮೇಲೆ ಆ ಹೆಸರೂ ಜೈಸ್‌ಗೆ ಸೇರಿತು. 1960ರ ದಶಕದಲ್ಲಿ ಜೈಸ್ ಡಯಾಲಿಟ್, ಲೈಟ್ಸ್ ಎಂಬ ಇನ್ನೊಂದು ಕಂಪನಿಯ ಟ್ರಿನೋವಿಡ್ ಎರಡೂ ತೆಳ್ಳಗೆ, ನೇರ ಕೊಳವೆಗಳಾಗಿ ಬಂದವು. ಕೈಗೆ ಎಷ್ಟು ಹಿತ ಅಂತೀರಿ!

ಆದರೆ ಮಾಡಿನ ಕೋನ ಕರಾರುವಾಕ್ಕಾಗಿ 90 ಡಿಗ್ರಿ ಇರಬೇಕು. ಡಿಗ್ರಿಯ 3600ನೇ ಒಂದು ಭಾಗಕ್ಕೆ ಆರ್ಕ್‌ಸೆಕೆಂಡ್ ಎನ್ನುತ್ತಾರೆ. ಅಂಥ ಕೆಲವೇ ಆರ್ಕ್‌ಸೆಕೆಂಡ್ ತಪ್ಪಿದರೂ ಚಿತ್ರ ಎರಡೆರಡಾಗುತ್ತದೆ. ಜರ್ಮನ್ ಕುಶಲಕರ್ಮಿಗಳು ಅದನ್ನು ಸಾಧಿಸಿದರು. ಆದರೂ ಒಳ್ಳೆಯ ಪೊರೊ ಬೈನಾಕ್ಯುಲರ್‌ನಷ್ಟು ಚುರುಕು ಬರಲಿಲ್ಲ.

ತಪ್ಪು ಉಜ್ಜಿದವರದ್ದಲ್ಲ, ಬೆಳಕಿನ ಸ್ವಭಾವದ್ದು. ಏಣಿನಲ್ಲಿ ಬೆಳಕು ಎರಡು ಪಾಲಾಗುತ್ತದೆ. ಒಂದು ಪಾಲು ಮೊದಲು ಎಡಮುಖಕ್ಕೆ ಬಡಿದು ಆಮೇಲೆ ಬಲಕ್ಕೆ, ಇನ್ನೊಂದು ಉಲ್ಟಾ. ಗಾಜಿನೊಳಗೆ ಪೂರ್ತಿ ಪ್ರತಿಫಲನ ಆದಾಗಲೆಲ್ಲ, ಅಲೆ ಯಾವ ದಿಕ್ಕಿಗೆ ಕಂಪಿಸುತ್ತಿದೆ ಎಂಬುದರ ಮೇಲೆ ಅದರ ಏರಿಳಿತ ಹಿಂದೆ ಮುಂದೆ ಆಗುತ್ತದೆ. ಕೊನೆಗೆ ಎರಡೂ ಪಾಲು ಕೂಡುವಾಗ ತಾಳ ತಪ್ಪಿರುತ್ತದೆ. ಏಣಿಗೆ ಅಡ್ಡವಾದ ದಿಕ್ಕಿನಲ್ಲಿ ಸೂಕ್ಷ್ಮ ವಿವರ ಮಂಕಾಗುತ್ತದೆ.

1988ರಲ್ಲಿ ಜೈಸ್ ಆ ಎರಡು ಮುಖಗಳ ಮೇಲೆ ಅತಿ ತೆಳುವಾದ ಲೇಪನ ಹಚ್ಚಿ ಇದನ್ನು ಸರಿಪಡಿಸಿತು. ಆಮೇಲಿನ ಡಯಾಲಿಟ್‌ಗಳ ಮೇಲೆ 'ಪಿ' ಗುರುತು ಇರುತ್ತದೆ. ಗುರುತು ಅಳಿಸಿದ್ದರೆ ಬೈನಾಕ್ಯುಲರನ್ನು ಎಲ್‌ಸಿಡಿ ಪರದೆಯ ಬಿಳಿ ಭಾಗಕ್ಕೆ ಹಿಡಿದು, ಐಪೀಸ್ (ಕಣ್ಣಿಡುವ ಕಡೆಯ ಲೆನ್ಸ್) ಹಿಂದೆ ಪೋಲರಾಯ್ಡ್ ಕನ್ನಡಕದ ಗಾಜನ್ನು ನಿಧಾನಕ್ಕೆ ತಿರುಗಿಸಿ. ಐಪೀಸ್‌ನ ಬೆಳಕಿನ ಬಿಲ್ಲೆ ಒಂದರ್ಧ ಕಪ್ಪು, ಒಂದರ್ಧ ಬೆಳ್ಳಗೆ ಕಂಡರೆ ಲೇಪನ ಇಲ್ಲ.

ಇಲ್ಲ ಅಂತ ಬಿಸಾಡಬೇಡಿ. ಹಳೇ 7x42 ಡಯಾಲಿಟ್ (42 ಅಂದರೆ ಮುಂದಿನ ಲೆನ್ಸಿನ ಅಗಲ, ಮಿಲಿಮೀಟರ್‌ನಲ್ಲಿ) ಬರೀ 7 ಪಟ್ಟು ಹಿಗ್ಗಿಸುವುದರಿಂದ ಈ ದೋಷ ಕಣ್ಣಿಗೆ ಅಷ್ಟಾಗಿ ತಾಗುವುದಿಲ್ಲ. ಅದರಲ್ಲಿರುವ ಆಬೆ-ಕೋನಿಗ್ ಎಂಬ ಬಗೆಯ ರೂಫ್ ಪ್ರಿಸಂಗೆ, ಬೇರೆ ಕೆಲವಕ್ಕೆ ಬೇಕಾಗುವ ಕನ್ನಡಿ ಲೇಪನವೇ ಬೇಕಿಲ್ಲ. ಬೆಳಕು ಸೋರುವುದು ಕಡಿಮೆ, ಹಾಗಾಗಿ ಮುಸ್ಸಂಜೆಯಲ್ಲಿ ಇವತ್ತಿಗೂ ಚೆನ್ನಾಗಿ ಕಾಣುತ್ತದೆ.