ಬೀಬಿಘರ್ ಎಂಬ ಹೆಸರಿನ ಹಿಂದೆ

1984ರ ಜನವರಿಯಲ್ಲಿ ಬ್ರಿಟನ್ನಿನ ಐಟಿವಿಯಲ್ಲಿ ‘ದಿ ಜ್ಯುವೆಲ್ ಇನ್ ದಿ ಕ್ರೌನ್’ ಧಾರಾವಾಹಿ ಶುರುವಾಯಿತು. ಒಟ್ಟು 14 ಕಂತು. ಪಾಲ್ ಸ್ಕಾಟ್ ಬರೆದ ನಾಲ್ಕು ಕಾದಂಬರಿಗಳೇ ಅದಕ್ಕೆ ಮೂಲ. ಉದಯಪುರ, ಶಿಮ್ಲಾ ಜೊತೆಗೆ ನಮ್ಮ ಮೈಸೂರಿನಲ್ಲೂ ಚಿತ್ರೀಕರಣ ನಡೆದಿತ್ತು.

ಕಥೆ ಶುರುವಾಗುವುದು 1942ರಲ್ಲಿ, ಮಯಾಪುರ ಎಂಬ ಕಲ್ಪನೆಯ ಊರಿನಲ್ಲಿ. ಇಂಗ್ಲಿಷ್ ಹುಡುಗಿ ಡ್ಯಾಫ್ನಿ ಮ್ಯಾನರ್ಸ್, ಪತ್ರಿಕೆಯಲ್ಲಿ ಕೆಲಸ ಮಾಡುವ ಹರಿ ಕುಮಾರ್‌ನನ್ನು ಪ್ರೀತಿಸುತ್ತಾಳೆ. ಹರಿ ಬೆಳೆದದ್ದೆಲ್ಲ ಇಂಗ್ಲೆಂಡಿನಲ್ಲಿ. ಅಪ್ಪ ದಿವಾಳಿಯಾಗಿ ಸತ್ತ ಮೇಲೆ ಭಾರತಕ್ಕೆ ಬಂದು ಬಿದ್ದವನು. ಒಳಗೆ ಪೂರ್ತಿ ಇಂಗ್ಲಿಷಿನವನು, ಆದರೆ ಚರ್ಮ ಕಂದು. ಜೊತೆಯಲ್ಲಿ ಓದಿದ ಬಿಳಿ ಗೆಳೆಯನೇ ಎದುರು ಸಿಕ್ಕಾಗ ಗುರುತು ಹಿಡಿಯುವುದಿಲ್ಲ. ಹರಿ, ಡ್ಯಾಫ್ನಿ ಇಬ್ಬರೂ ರಾತ್ರಿ ಬೀಬಿಘರ್ ತೋಟದಲ್ಲಿ ಸೇರುತ್ತಾರೆ. ಅಲ್ಲಿ ಗುಂಪೊಂದು ಮೇಲೆ ಬೀಳುತ್ತದೆ. ಹರಿಯನ್ನು ಕಟ್ಟಿಹಾಕಿ ಡ್ಯಾಫ್ನಿಯ ಮೇಲೆ ಅತ್ಯಾಚಾರ ಮಾಡುತ್ತದೆ. ಪೊಲೀಸ್ ಅಧಿಕಾರಿ ಮೆರಿಕ್ ಹಿಡಿಯುವುದು ಹರಿಯನ್ನೇ, ಜೊತೆಗೆ ಇನ್ನು ಕೆಲವು ಹುಡುಗರನ್ನು. ಇದೇ ಮೆರಿಕ್ ಹಿಂದೆ ಡ್ಯಾಫ್ನಿಯನ್ನು ಮದುವೆಗೆ ಕೇಳಿ, ಇಲ್ಲ ಅನ್ನಿಸಿಕೊಂಡಿದ್ದ.

ತೋಟಕ್ಕೆ ಸ್ಕಾಟ್ ಈ ಹೆಸರಿಟ್ಟದ್ದು ಸುಮ್ನೆ ಅಲ್ಲ. ಬೀಬಿಘರ್ ಅಂದರೆ ಬೀಬಿಯ ಮನೆ. ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಎಷ್ಟೋ ಇಂಗ್ಲಿಷ್ ಅಧಿಕಾರಿಗಳು ಭಾರತದ ಹೆಂಗಸರ ಜೊತೆ ಸಂಸಾರ ಮಾಡುತ್ತಿದ್ದರು. ಆ ಹೆಂಗಸರಿಗೆ ಬೀಬಿ ಎನ್ನುತ್ತಿದ್ದರು. ಕೆಲವರು ಮದುವೆಯನ್ನೇ ಆಗಿದ್ದರು. ಹೈದರಾಬಾದಿನಲ್ಲಿ ಕಂಪನಿಯ ಪ್ರತಿನಿಧಿ (ರೆಸಿಡೆಂಟ್) ಆಗಿದ್ದ ಕರ್ಕ್‌ಪ್ಯಾಟ್ರಿಕ್ ಮತ್ತು ಖೈರುನ್ನೀಸಾ ಅಂಥ ಜೋಡಿ. ಅದಕ್ಕೂ ಹಿಂದೆ, 1687ರಲ್ಲಿ, ಕಂಪನಿಯೇ ಮದ್ರಾಸಿನ ಸೈನಿಕರಿಗೆ ಇಲ್ಲಿನ ಹುಡುಗಿಯರನ್ನು ಮದುವೆಯಾಗಿ ಎಂದು ಹುರಿದುಂಬಿಸಿತ್ತು. ಹುಟ್ಟಿದ ಮಗುವಿಗೆ ಕ್ರೈಸ್ತ ದೀಕ್ಷಾಸ್ನಾನವಾದರೆ ತಾಯಿಗೆ ಒಂದು ವರಾಹ, ಅಂದರೆ ಚಿನ್ನದ ನಾಣ್ಯ!

ಈ ಔದಾರ್ಯ ಬಹಳ ದಿನ ಉಳಿಯಲಿಲ್ಲ. ಕಾರ್ನ್‌ವಾಲಿಸ್ ಬೆಂಗಳೂರು ಕೋಟೆ ಹಿಡಿದ 1791ರಲ್ಲೇ, ಭಾರತೀಯ ತಾಯಿಯ ಮಕ್ಕಳಿಗೆ ಕಂಪನಿಯ ದೊಡ್ಡ ಹುದ್ದೆಗಳ ಬಾಗಿಲು ಮುಚ್ಚಿತು. ಅಧಿಕಾರಿಗಳು ಬರೆಯುತ್ತಿದ್ದ ಉಯಿಲುಗಳಿಂದಲೂ ಬೀಬಿಯರ ಹೆಸರು ಮೆಲ್ಲಗೆ ಮರೆಯಾಯಿತು. ಹಡಗು ಹತ್ತಿ ಇಂಗ್ಲಿಷ್ ಹೆಂಗಸರು, ಮೇಮ್‌ಸಾಹೇಬರು ಬಂದರು.

ಆಮೇಲೆ 1857ರ ದಂಗೆ. ಕಾನ್ಪುರದಲ್ಲೂ ಒಂದು ಬೀಬಿಘರ್ ಇತ್ತು, ಇಂಗ್ಲಿಷ್ ಅಧಿಕಾರಿ ತನ್ನ ಬೀಬಿಗಾಗಿ ಕಟ್ಟಿಸಿದ್ದು ಎನ್ನುತ್ತಾರೆ. ಅಲ್ಲಿ ಸೆರೆಯಲ್ಲಿದ್ದ ಸುಮಾರು 200 ಇಂಗ್ಲಿಷ್ ಹೆಂಗಸರು, ಮಕ್ಕಳ ಕೊಲೆಯಾಯಿತು. ಕೊಲೆ ನಿಜ. ಅದರ ಜೊತೆ ಅತ್ಯಾಚಾರದ ಕಥೆಗಳೂ ಇಂಗ್ಲೆಂಡಿನ ಪತ್ರಿಕೆಗಳ ತುಂಬ ಹರಡಿದವು. ಬ್ರಿಟಿಷರೇ ವಿಚಾರಣೆ ಮಾಡಿಸಿದಾಗ ಆ ಕಥೆಗಳಿಗೆ ಪುರಾವೆ ಸಿಗಲಿಲ್ಲ. ಆದರೆ ಭಯ ಹೋಗಲಿಲ್ಲ. ಒಂದು ಕಾಲಕ್ಕೆ ಪ್ರೀತಿಯ ಮನೆಯಾಗಿದ್ದ ಪದವೇ ಬಿಳಿ ಹೆಂಗಸಿನ ಮೇಲಿನ ಹಲ್ಲೆಗೆ ಗುರುತಾಯಿತು.

ಆ ಭಯ ರಾಜಕೀಯಕ್ಕೂ ಚೆನ್ನಾಗಿ ಒದಗಿತು. 1883ರಲ್ಲಿ ಇಲ್ಬರ್ಟ್ ಮಸೂದೆ ಬಂತು. ಭಾರತೀಯ ನ್ಯಾಯಾಧೀಶರೂ ಯುರೋಪಿಯನ್ನರ ವಿಚಾರಣೆ ಮಾಡಬಹುದು ಎಂಬುದು ಅದರ ಆಶಯ. ಕಲ್ಕತ್ತೆಯ ಇಂಗ್ಲಿಷರು, ಹೆಂಗಸರೂ ಸೇರಿ, ‘ನಮ್ಮ ಹೆಣ್ಣುಮಕ್ಕಳ ಗತಿ ಏನು’ ಎಂದು ಗದ್ದಲ ಎಬ್ಬಿಸಿದರು. ಮಸೂದೆಯ ಹಲ್ಲು ಕಿತ್ತರು. 1919ರಲ್ಲಿ ಅಮೃತಸರದಲ್ಲಿ ಮಾರ್ಸೆಲಾ ಶೆರ್‌ವುಡ್ ಎಂಬ ಮಿಷನರಿಯ ಮೇಲೆ ಹಲ್ಲೆಯಾಯಿತು. ಆಕೆಯನ್ನು ಕಾಪಾಡಿದ್ದು ಅಲ್ಲಿನ ಭಾರತೀಯರೇ. ಆದರೂ ಆ ಬೀದಿಯಲ್ಲಿ ಭಾರತೀಯರು ತೆವಳಿಕೊಂಡೇ ಹೋಗಬೇಕು ಎಂದು ಜನರಲ್ ಡಯರ್ ಆಜ್ಞೆ ಮಾಡಿದ.

ಈಗ ಡ್ಯಾಫ್ನಿಯ ಕಡೆ ತಿರುಗಿ ನೋಡಿ. ಊರಿನ ಬಿಳಿಯರಿಗೆ ಬೇಕಾದದ್ದು ಅಳುತ್ತ ಬೆರಳು ತೋರಿಸುವ ಹುಡುಗಿ. ಆಕೆ ಯಾರನ್ನೂ ತೋರಿಸುವುದಿಲ್ಲ. ಬಂಧಿತ ಹುಡುಗರು ತಪ್ಪಿತಸ್ಥರಲ್ಲ ಎನ್ನುತ್ತಾಳೆ. ಮೇಲೆ ಬಿದ್ದವರು ಮುಖಕ್ಕೆ ಮಸಿ ಬಳಿದುಕೊಂಡ ಬ್ರಿಟಿಷ್ ಸೈನಿಕರೇ ಇರಬಹುದಲ್ಲ, ತನಗೇನು ಗೊತ್ತು ಎಂದೂ ಕಾದಂಬರಿಯಲ್ಲಿ ಹೇಳುತ್ತಾಳೆ. ‘ನೊಂದ ಬಿಳಿ ಹೆಣ್ಣು’ ಎಂಬ ಪಾತ್ರವನ್ನು ಅವಳು ಆಡಲೊಪ್ಪುವುದಿಲ್ಲ. ಅದಕ್ಕೇ ಊರು ಅವಳನ್ನು ಕ್ಷಮಿಸುವುದಿಲ್ಲ. ಧಾರಾವಾಹಿಯಲ್ಲಿ ನಟಿ ಸೂಸನ್ ವುಲ್ಡ್ರಿಜ್ ಅವಳನ್ನು ಸುಂದರಿಯಾಗಿ ಮಾಡದೆ, ಸ್ವಲ್ಪ ತಡಬಡಾಯಿಸುವ, ಕನ್ನಡಕದ ಹುಡುಗಿಯಾಗಿ ಮಾಡಿದ್ದು ನನಗೆ ಬಹಳ ಹಿಡಿಸಿತು.

ಕಾದಂಬರಿಕಾರ ಸಲ್ಮಾನ್ ರಶ್ದಿಗೆ ಧಾರಾವಾಹಿ ಹಿಡಿಸಲಿಲ್ಲ. ಭಾರತ-ಬ್ರಿಟನ್ ಸಂಬಂಧಕ್ಕೆ ಅತ್ಯಾಚಾರವೇ ರೂಪಕವಾಗಬೇಕಿದ್ದರೆ, ಅದು ಭಾರತದ ಹೆಣ್ಣಿನ ಮೇಲೆ ಇಂಗ್ಲಿಷರು ಮಾಡಿದ್ದಾಗಿರಬೇಕು ಅಲ್ವಾ ಎಂಬುದು 1984ರ ಅವರ ಲೇಖನದ ವಾದ. ಮಾತು ಚುಚ್ಚುತ್ತದೆ, ಒಪ್ಪಲೇಬೇಕು. ಜೊಹ್ರಾ ಸೆಹಗಲ್ ಮಾಡಿದ ಲೇಡಿ ಲಿಲಿ ಚಟರ್ಜಿ ಗತ್ತಿನ ಹೆಂಗಸು. ಡ್ಯಾಫ್ನಿ ಇರುವುದೇ ಅವರ ಮನೆಯಲ್ಲಿ. ಆದರೆ ಪ್ರೀತಿಸಿ, ತಪ್ಪು ಮಾಡಿ, ಜಗಳವಾಡಿ ಬದುಕುವ ಪಾತ್ರಗಳೆಲ್ಲ ಜಾಸ್ತಿ ಇಂಗ್ಲಿಷ್ ಹೆಂಗಸರವೇ. ಹರಿಯ ಸೋದರತ್ತೆ ಶಾಲಿನಿ ಅವನಿಗಾಗಿ ಏನೆಲ್ಲ ಮಾಡಿದರೂ ಕಥೆಯ ಅಂಚಿನಲ್ಲೇ ಉಳಿಯುತ್ತಾಳೆ. ಹಳೆಯ ಬೀಬಿಯರ ಹಾಗೆಯೇ.

ಡ್ಯಾಫ್ನಿ ಹೆರಿಗೆಯಲ್ಲಿ ಸಾಯುತ್ತಾಳೆ. ಮಗುವಿನ ಹೆಸರು ಪಾರ್ವತಿ. ಅಪ್ಪ ಹರಿಯೋ, ಬೇರೆಯವರೋ, ಖಚಿತವಾಗಿ ಹೇಳುವವರಿಲ್ಲ. ಶ್ರೀನಗರದಲ್ಲಿ ಡ್ಯಾಫ್ನಿಯ ಅತ್ತೆ ಲೇಡಿ ಮ್ಯಾನರ್ಸ್ ಆ ಮಗುವನ್ನು ಇಟ್ಟುಕೊಂಡು ದೋಣಿಮನೆಯಲ್ಲಿದ್ದಾರೆ. ಸುತ್ತಲಿನ ಇಂಗ್ಲಿಷರು ಆ ಕಡೆ ಹೆಜ್ಜೆ ಇಡುವುದಿಲ್ಲ. ಸಾರಾ ಲೇಟನ್ ಎಂಬ ಇಂಗ್ಲಿಷ್ ಹುಡುಗಿ ಮಾತ್ರ ಒಂದು ದಿನ ಒಬ್ಬಳೇ ಹೋಗಿ ಮಗುವನ್ನು ನೋಡಿ ಬರುತ್ತಾಳೆ.