ಕಚೇರಿಯ ಸಂದೇಶ ಯಾವ ಜಾಲದಲ್ಲಿ ಹೋಗುತ್ತದೆ? ಸಾರ್ವಜನಿಕ ಮತ್ತು ಖಾಸಗಿ ಕಂಪ್ಯೂಟರ್ ಜಾಲಗಳ ಬಗ್ಗೆ ಅಧ್ಯಯನ ಟಿಪ್ಪಣಿ

ಇಂಟರ್ನೆಟ್ ಸಾರ್ವಜನಿಕ ಜಾಲ, ಇಂಟ್ರಾನೆಟ್ ಸಂಸ್ಥೆಯೊಳಗಿನ ಖಾಸಗಿ ಜಾಲ, ಎಕ್ಸ್‌ಟ್ರಾನೆಟ್ ಹೊರಗಿನ ಆಯ್ದ ಕೆಲವರಿಗೂ ಪ್ರವೇಶವಿರುವ ಖಾಸಗಿ ಜಾಲ. ಪಠ್ಯಪುಸ್ತಕಗಳು ಈ ಮೂರು ವ್ಯಾಖ್ಯೆಗಳನ್ನು ಕೊಟ್ಟು, ಅನುಕೂಲ ಮತ್ತು ಅನಾನುಕೂಲಗಳ ಪಟ್ಟಿಯೊಂದನ್ನು ಜೋಡಿಸಿ ಅಧ್ಯಾಯವನ್ನು ಮುಗಿಸಿಬಿಡುತ್ತವೆ. ವ್ಯಾಖ್ಯೆಗಳೇನೋ ಸರಿಯಾಗಿವೆ. ಆದರೆ ಇಂದಿನ ಯಾವುದಾದರೂ ಕಚೇರಿಗೆ ಹೋಗಿ ಗೋಡೆಯಿಂದ ಬರುವ ಕೇಬಲ್ ನೋಡಿದರೆ, ಅದರಲ್ಲಿ ಖಾಸಗಿ ಸಂದೇಶ ಹರಿಯುತ್ತಿದೆಯೋ ಸಾರ್ವಜನಿಕ ಸಂದೇಶ ಹರಿಯುತ್ತಿದೆಯೋ ಎಂದು ಹೇಳಲು ಬರುವುದಿಲ್ಲ. ಬಹುಪಾಲು ಎರಡೂ ಒಂದೇ ಕೇಬಲಿನಲ್ಲಿ ಹರಿಯುತ್ತಿರುತ್ತವೆ. ಜಾಲದೊಳಕ್ಕೆ ಯಾರನ್ನು ಬಿಡಬೇಕು, ಒಳಗೆ ಬಂದವರು ಏನನ್ನು ನೋಡಬಹುದು, ಅನುಮತಿಯನ್ನು ಯಾರು ಯಾವಾಗ ಹಿಂಪಡೆಯಬಹುದು ಎಂಬುದನ್ನು ಸಂಸ್ಥೆಯೇ ತೀರ್ಮಾನಿಸುವುದಾದರೆ ಆ ಜಾಲ ಖಾಸಗಿ. ಈ ಟಿಪ್ಪಣಿಯನ್ನು ಓದುವಾಗ ಇದೊಂದು ಅಳತೆಗೋಲನ್ನು ಕೈಯಲ್ಲಿಟ್ಟುಕೊಂಡರೆ ಸಾಕು.

ಖಾಸಗಿ ಜಾಲಗಳೇ ಮೊದಲು ಬಂದವು

ಇಂಟರ್ನೆಟ್ ಮೊದಲು ಬಂದು, ಅದರ ಅಪಾಯಗಳಿಗೆ ಹೆದರಿ ಸಂಸ್ಥೆಗಳು ಖಾಸಗಿ ಜಾಲ ಕಟ್ಟಿಕೊಂಡವು ಎಂದು ಅನೇಕ ವಿದ್ಯಾರ್ಥಿಗಳು ಭಾವಿಸುತ್ತಾರೆ. ಕೆಲಸದ ಜಗತ್ತಿನಲ್ಲಿ ಆದದ್ದು ಇದಕ್ಕೆ ತದ್ವಿರುದ್ಧ. ಬ್ಯಾಂಕುಗಳ ನಡುವೆ ಪಾವತಿ ಸಂದೇಶಗಳನ್ನು ಸಾಗಿಸಲು 1973ರಲ್ಲಿ ಸ್ಥಾಪನೆಯಾದ ಸ್ವಿಫ್ಟ್ ಎಂಬ ಸಹಕಾರಿ ಸಂಸ್ಥೆಯ ಜಾಲ 1977ರಲ್ಲೇ ಕೆಲಸ ಆರಂಭಿಸಿತ್ತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯು ಬೆಂಗಳೂರಿನಲ್ಲಿ ವಿನ್ಯಾಸ ಕೇಂದ್ರವನ್ನು ತೆರೆದಾಗ, ಇಲ್ಲಿನ ಎಂಜಿನಿಯರುಗಳ ಕೆಲಸವನ್ನು ಅಮೆರಿಕದ ಕಚೇರಿಗೆ ತಲುಪಿಸಲು ಮೀಸಲು ಉಪಗ್ರಹ ಸಂಪರ್ಕವನ್ನೇ ಹಾಕಿಕೊಳ್ಳಬೇಕಾಯಿತು, ಏಕೆಂದರೆ ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಸೇವೆ ದೊರೆತದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಟೆಕ್ಸಾಸ್ ಕಂಪನಿಯ ಆ ಉಪಗ್ರಹ ಸಂಪರ್ಕದ ಉಪಕರಣ ಎತ್ತಿನ ಗಾಡಿಯಲ್ಲಿ ಬಂತೆಂಬುದು ಐಟಿ ವಲಯದ ಹಳಬರ ಮೆಚ್ಚಿನ ಕಥೆ. ಕರ್ನಾಟಕದ ಖಜಾನೆ ಇಲಾಖೆಯೂ 2000ರ ದಶಕದ ಆರಂಭದಲ್ಲಿ ತನ್ನ ಜಿಲ್ಲಾ ಮತ್ತು ತಾಲ್ಲೂಕು ಖಜಾನೆಗಳನ್ನು ಬೆಂಗಳೂರಿನ ಕೇಂದ್ರ ಸರ್ವರಿಗೆ ಜೋಡಿಸಲು ವಿ-ಸ್ಯಾಟ್ ಉಪಗ್ರಹ ಜಾಲವನ್ನೇ ನೆಚ್ಚಿಕೊಂಡಿತು. ಆ ಕಾಲದಲ್ಲಿ ಖಾಸಗಿ ಜಾಲವೆಂದರೆ ನಿಜಕ್ಕೂ ಬೇರೆ ತಂತಿ, ಬೇರೆ ಡಿಶ್, ಬೇರೆ ಬಿಲ್ಲು. ಅದಕ್ಕೆ ತಗಲುವ ಖರ್ಚನ್ನು ದೊಡ್ಡ ಕಂಪನಿಗಳು ಮತ್ತು ಸರ್ಕಾರಗಳು ಮಾತ್ರ ತಾಳಿಕೊಳ್ಳಬಲ್ಲವಾಗಿದ್ದವು.

ವಿಳಾಸ ಹೇಳುವ ಸಂಗತಿ

ಕಚೇರಿಯ ವಿಂಡೋಸ್ ಕಂಪ್ಯೂಟರಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ‘ಐಪಿಕಾನ್ಫಿಗ್’ (ipconfig) ಆದೇಶ ಕೊಟ್ಟರೆ, ಐಪಿವಿ4 ಎಂಬ ಸಾಲಿನಲ್ಲಿ 192.168.1.14 ಅಥವಾ 10.22.5.31ರಂಥ ಸಂಖ್ಯೆಯೊಂದು, ಅಂದರೆ ಜಾಲದಲ್ಲಿ ಆ ಕಂಪ್ಯೂಟರನ್ನು ಗುರುತಿಸುವ ಐಪಿ ವಿಳಾಸ, ಕಾಣುತ್ತದೆ. ಅದೇ ಕಂಪ್ಯೂಟರಿನ ಬ್ರೌಸರಿನಲ್ಲಿ ನನ್ನ ಐಪಿ ವಿಳಾಸ ಯಾವುದು ಎಂದು ಹುಡುಕಿದರೆ ಸಾಮಾನ್ಯವಾಗಿ ಬೇರೆಯೇ ಸಂಖ್ಯೆ ಬರುತ್ತದೆ. ಮೊದಲನೆಯದು ಖಾಸಗಿ ವಿಳಾಸ, ಎರಡನೆಯದು ಹೊರಜಗತ್ತಿಗೆ ಕಾಣುವ ಸಾರ್ವಜನಿಕ ವಿಳಾಸ. ಇಂಟರ್ನೆಟ್ಟಿನ ತಾಂತ್ರಿಕ ದಾಖಲೆಗಳ ಸರಣಿಯಲ್ಲಿ 1996ರ ಫೆಬ್ರುವರಿಯಲ್ಲಿ ಪ್ರಕಟವಾದ ಆರ್‌ಎಫ್‌ಸಿ 1918 ಎಂಬ ದಾಖಲೆಯು 10ರಿಂದ ಆರಂಭವಾಗುವ ಎಲ್ಲ ವಿಳಾಸಗಳನ್ನೂ, 172.16ರಿಂದ 172.31ರವರೆಗಿನವನ್ನೂ, 192.168ರಿಂದ ಆರಂಭವಾಗುವವನ್ನೂ ಖಾಸಗಿ ಬಳಕೆಗೆಂದು ಮೀಸಲಿಟ್ಟಿತು. 10ರ ಗುಂಪೊಂದರಲ್ಲೇ 1,67,77,216 ವಿಳಾಸಗಳಿವೆ. ಈ ವಿಳಾಸಗಳಿಗೆ ಇಂಟರ್ನೆಟ್ಟಿನ ರೌಟರುಗಳು ದಾರಿ ತೋರಿಸುವುದಿಲ್ಲವಾದ್ದರಿಂದ, ಧಾರವಾಡದ ಒಂದು ಕಾಲೇಜು ಮತ್ತು ಮೈಸೂರಿನ ಒಂದು ಕಾರ್ಖಾನೆ ಎರಡೂ 192.168.1.14 ಎಂಬ ವಿಳಾಸವನ್ನು ಏಕಕಾಲದಲ್ಲಿ ಬಳಸಿದರೂ ತೊಂದರೆಯಾಗುವುದಿಲ್ಲ. ಪ್ರತಿ ಕಚೇರಿಯ ಇಂಟರ್‌ಕಾಮಿನಲ್ಲೂ 201 ಎಂಬ ಎಕ್ಸ್‌ಟೆನ್ಷನ್ ಇರುವಂತೆ ಇದು. ಒಳಗಿನವರು ನೇರವಾಗಿ 201ಕ್ಕೆ ಕರೆ ಮಾಡುತ್ತಾರೆ; ಹೊರಗಿನವರಿಗೆ ಕಚೇರಿಯ ಮುಖ್ಯ ಸಂಖ್ಯೆಯೊಂದೇ ಗೊತ್ತಿರುತ್ತದೆ. ಒಳಗಿನಿಂದ ಹೊರಟ ಪ್ಯಾಕೆಟ್ಟಿನ (ಜಾಲದಲ್ಲಿ ಸಾಗುವ ಮಾಹಿತಿಯ ತುಣುಕಿನ) ಮೇಲಿರುವ ಖಾಸಗಿ ವಿಳಾಸವನ್ನು ತೆಗೆದು ಸಾರ್ವಜನಿಕ ವಿಳಾಸವನ್ನು ಹಾಕುವ, ಉತ್ತರ ಬಂದಾಗ ಅದನ್ನು ಸರಿಯಾದ ಕಂಪ್ಯೂಟರಿಗೆ ಒಪ್ಪಿಸುವ ಕೆಲಸವನ್ನು ರೌಟರ್ ಮಾಡುತ್ತದೆ. ಇದಕ್ಕೆ ನ್ಯಾಟ್ ಎಂದು ಹೆಸರು.

ಇಲ್ಲಿ ಪರೀಕ್ಷಾ ದೃಷ್ಟಿಯಿಂದಲೂ ಒಂದು ಎಚ್ಚರಿಕೆ ಅಗತ್ಯ. ಖಾಸಗಿ ವಿಳಾಸವಿದ್ದ ಮಾತ್ರಕ್ಕೆ ಜಾಲ ಸುರಕ್ಷಿತವಾಗುವುದಿಲ್ಲ. ನ್ಯಾಟ್ ಬಂದದ್ದು ವಿಳಾಸಗಳ ಕೊರತೆಯನ್ನು ನೀಗಿಸಲಿಕ್ಕೆ. ಯಾವ ಸಂಚಾರಕ್ಕೆ ಒಪ್ಪಿಗೆ, ಯಾವುದಕ್ಕೆ ಇಲ್ಲ ಎಂದು ತೀರ್ಮಾನಿಸುವುದು ಫೈರ್‌ವಾಲಿನ ಕೆಲಸ.

ಒಂದು ಬ್ಯಾಂಕ್ ಶಾಖೆಯೊಳಗೆ

ಎರಡೂ ಬಗೆಯ ಜಾಲಗಳು ಒಂದೇ ಕೆಲಸದಲ್ಲಿ ಹೇಗೆ ಸೇರುತ್ತವೆ ಎಂಬುದನ್ನು ನೋಡಲು ಬ್ಯಾಂಕಿಗಿಂತ ಒಳ್ಳೆಯ ಉದಾಹರಣೆ ನನಗೆ ಕಾಣುವುದಿಲ್ಲ. ತಾಲ್ಲೂಕು ಕೇಂದ್ರದ ಶಾಖೆಯೊಂದರಲ್ಲಿ ಅಡಿಕೆ ವ್ಯಾಪಾರಿಯೊಬ್ಬರು ಬೇರೆ ಬ್ಯಾಂಕಿನ ಖಾತೆಗೆ 3 ಲಕ್ಷ ರೂಪಾಯಿಯನ್ನು ಆರ್‌ಟಿಜಿಎಸ್ (ಬ್ಯಾಂಕುಗಳ ನಡುವೆ ದೊಡ್ಡ ಮೊತ್ತದ ತಕ್ಷಣದ ವರ್ಗಾವಣೆ) ಮಾಡಿಸಲು ಬಂದಿದ್ದಾರೆ ಎಂದುಕೊಳ್ಳೋಣ. ಆರ್‌ಟಿಜಿಎಸ್ ಮೂಲಕ ಕಳುಹಿಸಲು ಕನಿಷ್ಠ ಮೊತ್ತ 2 ಲಕ್ಷ. ಕೌಂಟರಿನ ಗುಮಾಸ್ತರು ಚೆಕ್ಕಿನ ಸಹಿಯನ್ನು ತೆರೆಯ ಮೇಲಿನ ಮಾದರಿ ಸಹಿಯೊಂದಿಗೆ ಹೋಲಿಸಿ ನೋಡಿ, ಫಲಾನುಭವಿಯ ಖಾತೆ ಸಂಖ್ಯೆ ಮತ್ತು ಶಾಖೆಯ ಗುರುತಿನ ಸಂಕೇತವಾದ ಐಎಫ್‌ಎಸ್‌ಸಿಯನ್ನು ನಮೂದಿಸುತ್ತಾರೆ. ನಮೂದು ಅಲ್ಲಿಗೇ ನಿಲ್ಲುತ್ತದೆ. ಪಕ್ಕದ ಕ್ಯಾಬಿನ್ನಿನ ಅಧಿಕಾರಿ ತಮ್ಮ ಲಾಗಿನ್ನಿನಿಂದ ಅದೇ ನಮೂದನ್ನು ತೆರೆದು ಅನುಮೋದಿಸಿದ ನಂತರವೇ ಅದು ಮುಂದೆ ಸಾಗುತ್ತದೆ. ಅಧಿಕಾರಿ ಕುರ್ಚಿಯಲ್ಲಿಲ್ಲದಿದ್ದರೆ ವ್ಯಾಪಾರಿ ಕಾಯಬೇಕು. ಕೌಂಟರಿನಲ್ಲಿ ಕಿರಿಕಿರಿ ಹುಟ್ಟಿಸುವ ಈ ಕಾಯುವಿಕೆಯೇ ಖಾಸಗಿ ಜಾಲದ ಶಿಸ್ತು: ಒಳಗಿರುವವರಿಗೆಲ್ಲ ಒಂದೇ ಅಧಿಕಾರ ಇರುವುದಿಲ್ಲ.

ಇಲ್ಲಿಯವರೆಗಿನ ಎಲ್ಲ ಸಂವಹನವೂ ಶಾಖೆಯಿಂದ ಬ್ಯಾಂಕಿನ ಡೇಟಾ ಸೆಂಟರಿಗೆ ಹೋಗುವ ಸಂಸ್ಥೆಯ ಸ್ವಂತ ಜಾಲದಲ್ಲಿ ನಡೆದಿದೆ. ಹಣ ಬೇರೆ ಬ್ಯಾಂಕಿಗೆ ಹೋಗಬೇಕಾಗಿರುವುದರಿಂದ ಈಗ ಸಂದೇಶವು ಇನ್‌ಫಿನೆಟ್ ಎಂಬ ಇನ್ನೊಂದು ಜಾಲಕ್ಕೆ ದಾಟುತ್ತದೆ. ಬ್ಯಾಂಕಿಂಗ್ ತಂತ್ರಜ್ಞಾನದ ಸಂಶೋಧನೆ ನಡೆಸುವ ಹೈದರಾಬಾದಿನ ಐಡಿಆರ್‌ಬಿಟಿ ಸಂಸ್ಥೆಯು ಬ್ಯಾಂಕಿಂಗ್ ಮತ್ತು ಹಣಕಾಸು ವಲಯಕ್ಕೆಂದೇ 1999ರಲ್ಲಿ ಆರಂಭಿಸಿದ ಈ ಜಾಲದಲ್ಲಿ ರಿಸರ್ವ್ ಬ್ಯಾಂಕೂ ಸದಸ್ಯ ಬ್ಯಾಂಕುಗಳೂ ಹಣಕಾಸು ಸಂಸ್ಥೆಗಳೂ ಮಾತ್ರ ಇರುತ್ತವೆ. ಸಾಮಾನ್ಯ ಗ್ರಾಹಕರಿಗೆ ಅಲ್ಲಿ ಪ್ರವೇಶವಿಲ್ಲ. ಒಬ್ಬರಿಗೊಬ್ಬರು ಪೈಪೋಟಿಯಲ್ಲಿರುವ ಸಂಸ್ಥೆಗಳು ನಿಗದಿತ ಕೆಲಸಕ್ಕಾಗಿ ಒಂದೇ ಮುಚ್ಚಿದ ಜಾಲವನ್ನು ಹಂಚಿಕೊಂಡಿರುವುದನ್ನು ಗಮನಿಸಿದರೆ, ಎಕ್ಸ್‌ಟ್ರಾನೆಟ್ಟಿನ ಹಿಂದಿರುವ ತತ್ವ ವ್ಯಾಖ್ಯೆಯಿಂದ ತಿಳಿಯುವುದಕ್ಕಿಂತ ಚೆನ್ನಾಗಿ ತಿಳಿಯುತ್ತದೆ. ಸಂದೇಶ ತಲುಪಿದ 30 ನಿಮಿಷದೊಳಗೆ ಫಲಾನುಭವಿಯ ಬ್ಯಾಂಕು ಹಣವನ್ನು ಖಾತೆಗೆ ಜಮಾ ಮಾಡಬೇಕೆಂಬುದು ನಿಯಮ.

ಅಡಿಕೆ ವ್ಯಾಪಾರಿಗೆ ಮಾತ್ರ ಇದಾವುದೂ ಕಾಣುವುದಿಲ್ಲ. ಅವರ ಮೊಬೈಲಿಗೆ ಎಸ್‌ಎಂಎಸ್ ಬರುತ್ತದೆ, ಬ್ಯಾಂಕಿನ ಆ್ಯಪ್ ತೆರೆದರೆ ಕಡಿತವಾದ ಮೊತ್ತ ಕಾಣುತ್ತದೆ. ಆ ಆ್ಯಪ್ ಡೇಟಾ ಸೆಂಟರನ್ನು ಮುಟ್ಟುವುದು ಇಂಟರ್ನೆಟ್ ಮೂಲಕ. ಹಾಗೆಂದು ಇಂಟರ್ನೆಟ್ಟಿನಿಂದ ಬಂದವರನ್ನು ನೇರವಾಗಿ ಖಾತೆಗಳ ಸರ್ವರಿಗೆ ಬಿಡುವುದಿಲ್ಲ. ಎರಡು ಫೈರ್‌ವಾಲುಗಳ ನಡುವೆ ಇರಿಸಿದ ಮಧ್ಯಂತರ ಸರ್ವರುಗಳು ಕೋರಿಕೆಯನ್ನು ಸ್ವೀಕರಿಸಿ, ಪರಿಶೀಲಿಸಿ, ಒಳಗಿನಿಂದ ಅಗತ್ಯವಿರುವಷ್ಟನ್ನು ಮಾತ್ರ ತಂದುಕೊಡುತ್ತವೆ. ಈ ನಡುವಿನ ವಲಯವನ್ನು ಡಿಎಂಝಡ್ ಎನ್ನುತ್ತಾರೆ.

ಮಿಂಚಂಚೆಯ ವಿಷಯವನ್ನೂ ಇಲ್ಲೇ ಹೇಳಿಬಿಡಬಹುದು. ಒಂದೇ ಸಂಸ್ಥೆಯ ಇಬ್ಬರು ನೌಕರರ ನಡುವಿನ ಅಂಚೆಯು ಸಂಸ್ಥೆ ತನ್ನದೇ ಸರ್ವರ್ ನಡೆಸುತ್ತಿದ್ದರೆ ಅಲ್ಲೇ ಬಂದು ಅಲ್ಲೇ ತಲುಪುತ್ತದೆ. ಹೊರಗಿನವರಿಗೆ ಬರೆದ ಅಂಚೆಯು ಇಂಟರ್ನೆಟ್ಟನ್ನು ದಾಟಿ ಇನ್ನೊಬ್ಬರ ಸರ್ವರಿಗೆ ಹೋಗುತ್ತದೆ, ಅಲ್ಲಿಂದ ಮುಂದೆ ಅದು ಯಾರ ಕೈ ಸೇರುತ್ತದೆಂಬುದು ಕಳುಹಿಸಿದ ಸಂಸ್ಥೆಯ ಹಿಡಿತದಲ್ಲಿರುವುದಿಲ್ಲ. ಒತ್ತುವ ಗುಂಡಿ ಎರಡಕ್ಕೂ ಒಂದೇ ಆಗಿರುವುದರಿಂದ ನೌಕರರಿಗೆ ಈ ವ್ಯತ್ಯಾಸ ಹೊಳೆಯುವುದಿಲ್ಲ. ಅನೇಕ ಸಂಸ್ಥೆಗಳ ಅಂಚೆ ವ್ಯವಸ್ಥೆಯು ಹೊರಗಿನ ವಿಳಾಸ ಕಂಡೊಡನೆ ಎಚ್ಚರಿಕೆಯ ಸಾಲೊಂದನ್ನು ತೋರಿಸುವುದು ಇದೇ ಕಾರಣಕ್ಕೆ.

ಸಾರ್ವಜನಿಕ ದಾರಿಯಲ್ಲಿ ಖಾಸಗಿ ಸಂಚಾರ

ಪ್ರತಿ ಶಾಖೆಗೂ ಲೀಸ್ಡ್ ಲೈನ್ (ಬಾಡಿಗೆಗೆ ಪಡೆದ ಮೀಸಲು ತಂತಿ) ಎಳೆಸುವುದು ದುಬಾರಿ. ಮನೆಯಿಂದ ಕೆಲಸ ಮಾಡುವ ನೌಕರರಿಗಂತೂ ಅಸಾಧ್ಯ. ಆ ಕೊರತೆಯನ್ನು ತುಂಬುವುದು ವಿಪಿಎನ್, ಅಂದರೆ ವರ್ಚುವಲ್ ಪ್ರೈವೇಟ್ ನೆಟ್‌ವರ್ಕ್. ಅದರ ಕಾರ್ಯವಿಧಾನ ಹೀಗಿದೆ: ಮನೆಯಲ್ಲಿರುವ ಲ್ಯಾಪ್‌ಟಾಪ್ ಕಚೇರಿಯ 10ರ ಗುಂಪಿನ ವಿಳಾಸವೊಂದಕ್ಕೆ ಪ್ಯಾಕೆಟ್ ಕಳುಹಿಸಬೇಕಾದಾಗ, ವಿಪಿಎನ್ ತಂತ್ರಾಂಶವು ಆ ಇಡೀ ಪ್ಯಾಕೆಟ್ಟನ್ನು, ಅದರ ಮೇಲಿನ ಖಾಸಗಿ ವಿಳಾಸಗಳ ಸಮೇತ, ಬೇರೆಯವರು ಓದಲಾಗದಂತೆ ಎನ್‌ಕ್ರಿಪ್ಟ್ ಮಾಡಿ, ಮನೆಯ ಮತ್ತು ಕಚೇರಿಯ ಸಾರ್ವಜನಿಕ ವಿಳಾಸಗಳನ್ನು ಹೊತ್ತ ಇನ್ನೊಂದು ಪ್ಯಾಕೆಟ್ಟಿನೊಳಗೆ ಇರಿಸಿ ಕಳುಹಿಸುತ್ತದೆ. ನಡುವಿನ ಸೇವಾದಾರರಿಗೆ ಇಂಥಲ್ಲಿಂದ ಇಂಥಲ್ಲಿಗೆ ಏನೋ ಹೋಯಿತು ಎಂಬುದಷ್ಟೇ ತಿಳಿಯುತ್ತದೆ. ಕಚೇರಿಯ ಗೇಟ್‌ವೇ ಹೊರಗಿನ ಹೊದಿಕೆಯನ್ನು ತೆಗೆದು, ಒಳಗಿನ ಪ್ಯಾಕೆಟ್ಟನ್ನು ಬಿಡಿಸಿ, ಆ ನೌಕರ ಕಚೇರಿಯಲ್ಲೇ ಕುಳಿತಿದ್ದಾನೇನೋ ಎಂಬಂತೆ ಮುಂದಕ್ಕೆ ಕಳುಹಿಸುತ್ತದೆ.

ಈ ವ್ಯವಸ್ಥೆಗೆ ತಂತ್ರಜ್ಞಾನದ ಜೊತೆ ಕಾನೂನಿನ ಮುಖವೂ ಇದೆ. ಕಾಲ್ ಸೆಂಟರ್ ಮತ್ತು ಬಿಪಿಒಗಳು ಯಾವ ಬಗೆಯ ಖಾಸಗಿ ಸಂಪರ್ಕದ ಮೂಲಕ ನೌಕರರನ್ನು ಮನೆಯಿಂದ ದುಡಿಸಬಹುದು ಎಂಬುದಕ್ಕೆ ದೂರಸಂಪರ್ಕ ಇಲಾಖೆಯ ಕಟ್ಟುನಿಟ್ಟಾದ ಷರತ್ತುಗಳಿದ್ದವು. ಕೋವಿಡ್ ಹರಡತೊಡಗಿದ 2020ರ ಮಾರ್ಚಿನಲ್ಲಿ ಇಲಾಖೆ ಅವುಗಳನ್ನು ತಾತ್ಕಾಲಿಕವಾಗಿ ಸಡಿಲಿಸಿತು. ಅದೇ ವರ್ಷದ ನವೆಂಬರಿನಲ್ಲಿ ಹೊಸ ಮಾರ್ಗಸೂಚಿಯನ್ನೇ ಹೊರಡಿಸಿ ಬಹುಪಾಲು ನಿರ್ಬಂಧಗಳನ್ನು ತೆಗೆದುಹಾಕಿತು. ಬೆಂಗಳೂರಿನ ಬಿಪಿಒ ನೌಕರರು ತಮ್ಮ ಊರುಗಳ ಮನೆಗಳಲ್ಲಿ ಕುಳಿತು ಕೆಲಸ ಮುಂದುವರಿಸಲು ವಿಪಿಎನ್ ಎಷ್ಟು ಕಾರಣವೋ ಈ ಆದೇಶಗಳೂ ಅಷ್ಟೇ ಕಾರಣ.

ಒಳಗಿರುವವರೆಲ್ಲ ನಂಬಿಕಸ್ಥರೇ?

ಖಾಸಗಿ ಜಾಲದ ಬಗ್ಗೆ ಇರುವ ಅತಿ ನಂಬಿಕೆ ಎಷ್ಟು ದುಬಾರಿಯಾಗಬಹುದೆಂಬುದನ್ನು 2016ರ ಫೆಬ್ರುವರಿಯಲ್ಲಿ ನಡೆದ ಬಾಂಗ್ಲಾದೇಶ್ ಬ್ಯಾಂಕ್ ಪ್ರಕರಣ ತೋರಿಸಿತು. ಆ ದೇಶದ ಕೇಂದ್ರ ಬ್ಯಾಂಕು ನ್ಯೂಯಾರ್ಕಿನ ಫೆಡರಲ್ ರಿಸರ್ವ್ ಬ್ಯಾಂಕಿನಲ್ಲಿ ಇಟ್ಟಿದ್ದ ಹಣದಿಂದ ಸುಮಾರು 95 ಕೋಟಿ ಡಾಲರ್ ವರ್ಗಾಯಿಸುವಂತೆ 35 ನಕಲಿ ಸ್ವಿಫ್ಟ್ ಆದೇಶಗಳು ಹೋದವು. ಹೆಚ್ಚಿನವು ತಡೆಹಿಡಿಯಲ್ಪಟ್ಟರೂ 8.1 ಕೋಟಿ ಡಾಲರ್ ಫಿಲಿಪ್ಪೀನ್ಸಿಗೆ ಹೋಗಿ ಸೇರಿತು. ಶ್ರೀಲಂಕಾಕ್ಕೆ ಹೋದ 2 ಕೋಟಿ ಡಾಲರ್ ಸಿಕ್ಕಿಬಿದ್ದದ್ದು ಫಲಾನುಭವಿಯ ಹೆಸರಿನಲ್ಲಿ ಫೌಂಡೇಶನ್ ಎಂಬುದರ ಕಾಗುಣಿತ ತಪ್ಪಿದ್ದರಿಂದ. ಇಲ್ಲಿ ಸ್ವಿಫ್ಟ್ ಜಾಲವನ್ನು ಯಾರೂ ಒಡೆದಿರಲಿಲ್ಲ. ಕಳ್ಳರು ಬ್ಯಾಂಕಿನ ಒಳಜಾಲಕ್ಕೆ ನುಸುಳಿ, ಸಕ್ರಮ ಬಳಕೆದಾರರ ಗುರುತನ್ನು ಬಳಸಿಕೊಂಡು ಆದೇಶ ಹೊರಡಿಸಿದ್ದರು. ದೃಢೀಕರಣ ಸಂದೇಶಗಳನ್ನು ತಾನೇ ತಾನಾಗಿ ಮುದ್ರಿಸುತ್ತಿದ್ದ ಪ್ರಿಂಟರನ್ನೂ ಕೆಡಿಸಿದ್ದರು. ಅಲ್ಲಿ ಫೈರ್‌ವಾಲ್ ಇರಲಿಲ್ಲ, ಕಂಪ್ಯೂಟರುಗಳನ್ನು ಜಾಲಕ್ಕೆ ಜೋಡಿಸುವ ಹಳೆಯ ಅಗ್ಗದ ಸ್ವಿಚ್ಚುಗಳಿದ್ದವು ಎಂದು ತನಿಖಾಧಿಕಾರಿಗಳು ಹೇಳಿದ್ದು ಆಗ ವರದಿಯಾಗಿತ್ತು.

ಒಳಗಿರುವುದನ್ನೇ ಅರ್ಹತೆಯೆಂದು ಎಣಿಸಬಾರದು ಎಂಬ ವಿಚಾರ ಅದಕ್ಕೆ ಮೊದಲೇ ಹುಟ್ಟಿತ್ತು. ಗೂಗಲ್ ತನ್ನ ನೌಕರರಿಗಾಗಿ ರೂಪಿಸಿ 2014ರಲ್ಲಿ ವಿವರ ಪ್ರಕಟಿಸಿದ ಬಿಯಾಂಡ್‌ಕಾರ್ಪ್ ವ್ಯವಸ್ಥೆಯಲ್ಲಿ, ನೌಕರ ಕಚೇರಿಯಲ್ಲಿದ್ದರೂ ಹೋಟೆಲಿನಲ್ಲಿದ್ದರೂ ಪ್ರತಿ ಕೋರಿಕೆಗೂ ವ್ಯಕ್ತಿ ಯಾರು, ಸಾಧನ ಯಾವುದು, ಅದರ ಸ್ಥಿತಿ ಏನು ಎಂಬುದನ್ನು ಪರಿಶೀಲಿಸಲಾಗುತ್ತದೆ. ಜೀರೋ ಟ್ರಸ್ಟ್ ಎಂದು ಕರೆಯುವ ಈ ಪದ್ಧತಿಗೆ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಾದ ನಿಸ್ಟ್ 2020ರಲ್ಲಿ ಪ್ರತ್ಯೇಕ ದಾಖಲೆಯನ್ನೇ ಹೊರತಂದಿತು. ಬೇಲಿಯ ಒಳಗೆ ಮತ್ತು ಹೊರಗೆ ಎಂಬ ಭೇದ ಇದರಲ್ಲಿ ಬಹುಮಟ್ಟಿಗೆ ಅಳಿಸಿಹೋಗುತ್ತದೆ, ಅನುಮತಿಯ ಪ್ರಶ್ನೆ ಮಾತ್ರ ಉಳಿಯುತ್ತದೆ.

ವಾಟ್ಸಾಪ್ ಗುಂಪು ಯಾವ ಜಾಲ?

ತರಗತಿಯಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುವ ಪ್ರಶ್ನೆಯಿದು, ಪಠ್ಯದಲ್ಲಿ ಉತ್ತರವಿಲ್ಲ. ನಮ್ಮ ಬಹಳಷ್ಟು ಕಚೇರಿಗಳಲ್ಲಿ ಸಭೆಯ ಸೂಚನೆ, ಸುತ್ತೋಲೆಯ ಪಿಡಿಎಫ್, ರಜೆಯ ಕೋರಿಕೆ ಎಲ್ಲವೂ ವಾಟ್ಸಾಪ್ ಗುಂಪಿನಲ್ಲೇ ನಡೆಯುತ್ತಿವೆ. 2016ರ ಏಪ್ರಿಲ್‌ನಿಂದ ಅಲ್ಲಿನ ಸಂದೇಶಗಳು ಕಳುಹಿಸಿದವರ ಫೋನಿನಿಂದ ಪಡೆದವರ ಫೋನಿನವರೆಗೂ ಎನ್‌ಕ್ರಿಪ್ಟ್ ಆಗಿರುವುದರಿಂದ, ದಾರಿಯ ನಡುವೆ ಓದುವುದು ಮೂರನೆಯವರಿಗೆ ಸಾಧ್ಯವಿಲ್ಲ. ಹಾಗಾದರೆ ಅದು ಖಾಸಗಿ ಜಾಲವೇ? ವ್ಯಕ್ತಿಗಳ ಮಟ್ಟಿಗೆ ಹೌದೆನ್ನಬಹುದು, ಸಂಸ್ಥೆಯ ಮಟ್ಟಿಗೆ ಖಂಡಿತ ಅಲ್ಲ. ಸದಸ್ಯರ ಪಟ್ಟಿ ಸಂಸ್ಥೆಯ ದಾಖಲೆಯಲ್ಲಿಲ್ಲ, ಗುಂಪಿನ ಅಡ್ಮಿನ್ ಕೈಯಲ್ಲಿದೆ. ಇಂಟ್ರಾನೆಟ್ಟಿನಲ್ಲಾದರೆ ನೌಕರರೊಬ್ಬರು ಬಿಡುಗಡೆ ಆದೇಶ ಪಡೆದ ದಿನ ಅವರ ಲಾಗಿನ್ ರದ್ದಾದರೆ ಅಂಚೆ, ಕಡತ, ಹಂಚಿಕೆಯ ಫೋಲ್ಡರ್ ಎಲ್ಲಕ್ಕೂ ಒಟ್ಟಿಗೆ ಬೀಗ ಬೀಳುತ್ತದೆ. ವಾಟ್ಸಾಪ್ ಗುಂಪಿನಲ್ಲಿ ಅದೇ ನೌಕರರು, ಯಾರಿಗಾದರೂ ನೆನಪಾಗಿ ಹೆಸರು ತೆಗೆಯುವವರೆಗೂ, ವರ್ಗವಾಗಿ ಹೋದ ಊರಿನಲ್ಲಿ ಕುಳಿತು ಹಳೆಯ ಕಚೇರಿಯ ಸುತ್ತೋಲೆಗಳನ್ನು ಓದುತ್ತಲೇ ಇರುತ್ತಾರೆ. ಹೆಸರು ತೆಗೆದ ಮೇಲೂ ಅವರ ಫೋನಿನಲ್ಲಿ ಉಳಿದ ಪಿಡಿಎಫ್‌ಗಳನ್ನು ಅಳಿಸುವ ಅಧಿಕಾರ ಕಚೇರಿಗೆ ಇರುವುದಿಲ್ಲ.