ಮಾತು ಬಿಟ್ಟ ಮನೆಯ ಸಿಟ್ಟು

ಹಾಸನದಲ್ಲಿ ನನ್ನ ಬಳಿ ಆಪ್ತಸಮಾಲೋಚನೆಗೆ ಬರುವ ಕ್ರೈಸ್ತ ಕುಟುಂಬಗಳಲ್ಲಿ ಕೂಗಾಟ, ರಂಪದ ದೂರಿಗಿಂತ ಜಾಸ್ತಿ ಕೇಳಿಬರುವುದು ಇನ್ನೊಂದು ದೂರು: "ನನ್ನ ಜೊತೆ ಮಾತು ಬಿಟ್ಟಿದ್ದಾರೆ ಮೇಡಂ." ಎರಡು ದಿನ, ನಾಲ್ಕು ದಿನ, ಕೆಲವು ಮನೆಗಳಲ್ಲಿ ತಿಂಗಳುಗಟ್ಟಲೆ. ಸಿಟ್ಟು ಬರುವುದೇ ಪಾಪ ಅಂತ ಚಿಕ್ಕಂದಿನಿಂದ ಕೇಳಿ ಬೆಳೆದವರು ನಾವು. ಹಾಗಾಗಿ ಒಳಗೇ ನುಂಗಿಕೊಳ್ಳುತ್ತೇವೆ. ಬೈದಿಲ್ಲ, ಹೊಡೆದಿಲ್ಲ, ಇನ್ನು ಪಾಪನಿವೇದನೆಯಲ್ಲಿ (ಗುರುಗಳ ಮುಂದೆ ಪಾಪ ಒಪ್ಪಿಕೊಳ್ಳುವಾಗ) ಹೇಳುವುದೇನಿದೆ ಅಂದುಕೊಳ್ಳುತ್ತೇವೆ. ಮನೆಯಲ್ಲಿ ಮಾತ್ರ ಎಲ್ಲರಿಗೂ ಉಸಿರು ಕಟ್ಟಿದ ಹಾಗಿರುತ್ತದೆ.

ಬೈಬಲ್ಲಿನಲ್ಲಿ ಮಾರ್ಕನ ಸುವಾರ್ತೆಯ 3ನೇ ಅಧ್ಯಾಯ ತೆಗೆದು ನೋಡಿ. ಅಲ್ಲಿ ಯೇಸುಸ್ವಾಮಿಗೇ ಸಿಟ್ಟು ಬರುತ್ತದೆ. ಸಬ್ಬತ್ ದಿನ, ಅಂದರೆ ಯೆಹೂದ್ಯರು ಕೆಲಸ ಮಾಡಬಾರದ ವಿಶ್ರಾಂತಿಯ ದಿನ, ಕೈ ಬತ್ತಿಹೋದ ಒಬ್ಬ ಮನುಷ್ಯ ಎದುರಿಗಿದ್ದಾನೆ. ಇವನನ್ನು ವಾಸಿಮಾಡಲಿ, ತಪ್ಪು ಹೊರಿಸೋಣ ಅಂತ ಕೆಲವರು ಕಾಯುತ್ತಿದ್ದಾರೆ. ಯೇಸು ಅವರನ್ನು ಕೋಪದಿಂದ ನೋಡಿದರು, ಅವರ ಮನಸ್ಸು ಕಲ್ಲಾಗಿರುವುದಕ್ಕೆ ನೊಂದುಕೊಂಡರು ಅಂತ ಬರೆದಿದೆ. ಕೋಪದ ಜೊತೆಗೇ ನೋವು. ಆಮೇಲೆ ಆ ಮನುಷ್ಯನ ಕೈ ವಾಸಿಮಾಡಿದರು.

ನಮ್ಮ ದಿನನಿತ್ಯದ ಸಿಟ್ಟು ಹೀಗಿರುವುದಿಲ್ಲ, ಅಲ್ವಾ? ಒಂದು ಮನೆಯ ಸಂಗತಿ ಹೇಳುತ್ತೇನೆ. ಹಲವರ ಕಥೆ ಬೆರೆಸಿದ್ದೇನೆ, ಯಾರದೂ ಗುರುತು ಸಿಗಬಾರದು ಅಂತ. ಸಕಲೇಶಪುರದ ಕಡೆಯ ಕಾಫಿ ತೋಟವೊಂದರ ರೈಟರ್, ಅಂದರೆ ಆಳುಗಳ ಕೆಲಸ, ಲೆಕ್ಕ ನೋಡಿಕೊಳ್ಳುವವರು. ಕೊಯ್ಲಿನ ಸಮಯ. ಆಳುಗಳು ಕಡಿಮೆ. ಕಣದಲ್ಲಿ ಹರಡಿದ್ದ ಕಾಫಿ ಅಕಾಲ ಮಳೆಗೆ ನೆನೆದಿದೆ. ಮಾಲೀಕರು ಎಲ್ಲರೆದುರು ಬೈದಿದ್ದಾರೆ, ತಿರುಗಿ ಮಾತಾಡುವ ಹಾಗಿಲ್ಲ. ರಾತ್ರಿ ಮನೆಗೆ ಬಂದರೆ ಸಾರು ತಣ್ಣಗಿತ್ತು. ತಟ್ಟೆ ತಳ್ಳಿ ಎದ್ದುಹೋದರು. ಹೆಂಡತಿ ಅಂದಿನಿಂದ ಮಾತು ಬಿಟ್ಟರು. ಊಟಕ್ಕೆ ಬಡಿಸುತ್ತಾರೆ, ಬಟ್ಟೆ ಒಗೆದು ಮಡಚಿಡುತ್ತಾರೆ, ಮಾತಿಲ್ಲ. "ಅಪ್ಪಂಗೆ ಹೇಳು, ಗ್ಯಾಸ್ ಖಾಲಿಯಾಗಿದೆ ಅಂತ." ಅಪ್ಪ ಅಲ್ಲೇ ಕೂತಿರುತ್ತಾರೆ. ಎಂಟು ವರ್ಷದ ಮಗಳು ಇಬ್ಬರ ಮಾತನ್ನೂ ಹೊತ್ತು ಓಡಾಡಬೇಕು. ಅವಳಿಗೆ ಹೊಟ್ಟೆನೋವು ಶುರುವಾಯಿತು. ಡಾಕ್ಟರು ಪರೀಕ್ಷೆ ಮಾಡಿ ಏನೂ ಇಲ್ಲ ಅಂದ ಮೇಲೆ ಇವರು ನನ್ನ ಬಳಿ ಬಂದರು.

ಇಂಥವರಿಗೆ ನಾನು ಕೇಳುವ ಪ್ರಶ್ನೆ ಬೈಬಲ್ಲಿನಿಂದಲೇ ಬಂದದ್ದು. ತಮ್ಮನ ಮೇಲೆ ಸಿಟ್ಟಾಗಿದ್ದ ಕಾಯಿನನಿಗೆ ದೇವರು "ಯಾಕೆ ಸಿಟ್ಟು? ಯಾಕೆ ಮುಖ ಬಾಡಿದೆ?" ಅಂತ ಕೇಳುತ್ತಾರೆ. ನೆರಳು ಕೊಡುತ್ತಿದ್ದ ಗಿಡ ಒಣಗಿತು ಅಂತ ಸಾಯುವಷ್ಟು ಸಿಟ್ಟಾದ ಪ್ರವಾದಿ ಯೋನನಿಗೂ "ಹೀಗೆ ಸಿಟ್ಟಾಗುವುದು ಸರಿಯಾ?" ಅಂತ ಕೇಳುತ್ತಾರೆ. ನಾವೂ ನಮ್ಮನ್ನು ಹಾಗೆ ಕೇಳಿಕೊಂಡರೆ ಸಾರಿನ ಮಾತು ಬದಿಗೆ ಸರಿಯುತ್ತದೆ. ರೈಟರ್ ಒಳಗಿದ್ದದ್ದು ಅವಮಾನ. ಹೆಂಡತಿಯ ಒಳಗಿದ್ದದ್ದು "ನಾನೂ ಬೆಳಗಿಂದ ದುಡಿದಿದ್ದೀನಿ, ಯಾರಾದ್ರೂ ಕೇಳಿದ್ರಾ?" ಅನ್ನುವ ನೋವು. ಇಬ್ಬರೂ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ.

ಸೂರ್ಯ ಮುಳುಗುವುದರೊಳಗೆ ಸಿಟ್ಟು ತೀರಲಿ ಅಂತ ಸಂತ ಪೌಲರು ಎಫೆಸ ಪಟ್ಟಣದ ಕ್ರೈಸ್ತರಿಗೆ ಬರೆದಿದ್ದಾರೆ. ಇದನ್ನೇ ಹಿಡಿದುಕೊಂಡು ಮಧ್ಯರಾತ್ರಿವರೆಗೆ ವಾದ ಮಾಡುವವರಿದ್ದಾರೆ. ಹಾಗೆ ಮಾಡಬೇಡಿ. ಸಿಟ್ಟು ಬಂದಾಗ ಮೈಯಲ್ಲಿ ಅಡ್ರಿನಲಿನ್ ಅನ್ನುವ ಹಾರ್ಮೋನು ಏರುತ್ತದೆ, ಎದೆಬಡಿತ ಜೋರಾಗುತ್ತದೆ. ಮೈ ಸಮಸ್ಥಿತಿಗೆ ಬರಲು 20 ನಿಮಿಷವಾದರೂ ಕೊಡಿ. ಆ ಹೊತ್ತಿನಲ್ಲಿ ಅವರಂದ ಮಾತನ್ನೇ ಮೆಲುಕು ಹಾಕುತ್ತಿದ್ದರೆ ಮಾತ್ರ ಪ್ರಯೋಜನವಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಬ್ರಾಡ್ ಬುಶ್ಮನ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಿಟ್ಟು ಬರಿಸಿದವರನ್ನು ನೆನೆದು ಬಾಕ್ಸಿಂಗ್ ಚೀಲಕ್ಕೆ ಗುದ್ದಿದವರ ಸಿಟ್ಟು, ಸುಮ್ನೆ ಕೂತವರ ಸಿಟ್ಟಿಗಿಂತ ಜಾಸ್ತಿಯೇ ಇತ್ತು. ಹೊರಹಾಕಿದರೆ ಹಗುರವಾಗುತ್ತದೆ ಅನ್ನುವುದು ನಂಬುವಂಥ ಮಾತಲ್ಲ.

ಹಾಗಾದರೆ ಸಂಜೆಯೊಳಗೆ ಏನು ಮಾಡಬೇಕು? ಇಷ್ಟು ಹೇಳಿದರೆ ಸಾಕು: "ನಂಗಿನ್ನೂ ಸಿಟ್ಟಿದೆ. ಈಗ ಮಾತಾಡಿದ್ರೆ ಏನೇನೋ ಅಂದ್ಬಿಡ್ತೀನಿ. ಬೆಳಿಗ್ಗೆ ಕೂತು ಮಾತಾಡೋಣ." ಹೇಳಿ ಸುಮ್ಮನಾದರೆ ಎದುರಿನವರು ಕಾಯಬಲ್ಲರು. ಹೇಳದೆ ಮುಖ ತಿರುಗಿಸಿದರೆ ಅದು ಶಿಕ್ಷೆ. ಬೆಳಿಗ್ಗೆ ಕೂತು ಮಾತಾಡಲೇಬೇಕು, ಅದನ್ನು ತಪ್ಪಿಸಬಾರದು.

ಮೊದಲು ಯಾರು ಮಾತಾಡಬೇಕು ಅನ್ನುವ ಹಟಕ್ಕೆ ಮತ್ತಾಯನ ಸುವಾರ್ತೆ 5ನೇ ಅಧ್ಯಾಯದಲ್ಲಿ ಉತ್ತರವಿದೆ. ಬಲಿಪೀಠದ ಮುಂದೆ ನಿಂತಾಗ, ನಿನ್ನ ಮೇಲೆ ಸಹೋದರನಿಗೆ ಮನಸ್ತಾಪವಿದೆ ಅಂತ ನೆನಪಾದರೆ ಕಾಣಿಕೆ ಅಲ್ಲೇ ಬಿಟ್ಟು ಹೋಗು ಅಂತಾರೆ ಯೇಸು. ತಪ್ಪು ಯಾರದು ಅಂತ ಅಲ್ಲಿ ಕೇಳಿಲ್ಲ. ನೆನಪಾದವರು ಹೊರಡಬೇಕು. ಆ ರೈಟರ್ ಹೊರಟರು. "ಸಾರಿಗೆ ಸಿಟ್ಟು ಬಂದದ್ದಲ್ಲ. ತೋಟದ ಸಿಟ್ಟು ನಿನ್ನ ಮೇಲೆ ತೀರಿಸ್ಕೊಂಡೆ" ಅಂತ ಮಗಳ ಮುಂದೆಯೇ ಹೇಳಿದರು. ತಟ್ಟೆ ತಳ್ಳಿದ್ದನ್ನು ಅವಳು ನೋಡಿದ್ದಳಲ್ಲ.

ಇಲ್ಲಿ ಹೇಳಿದ್ದೆಲ್ಲ ದಿನನಿತ್ಯದ ಸಿಟ್ಟಿನ ಮಾತು. ಕೈ ಎತ್ತುವುದು, ಬೆದರಿಸುವುದು, ಮನೆಯಿಂದ ಹೊರಗೆ ತಳ್ಳುವುದು ಇದರಲ್ಲಿ ಸೇರುವುದಿಲ್ಲ. ಅದನ್ನು ಶಿಲುಬೆ ಅಂದುಕೊಂಡು ಸಹಿಸಿಕೊಳ್ಳಿ ಅಂತ ಯಾರಾದರೂ ಬುದ್ಧಿ ಹೇಳಿದರೆ ದಯವಿಟ್ಟು ಕೇಳಬೇಡಿ. ಮಹಿಳಾ ಸಹಾಯವಾಣಿ 181, ತುರ್ತು ಇದ್ದರೆ 112. ಮೊದಲು ಅಲ್ಲಿಗೆ ಫೋನ್ ಮಾಡಿ. ಕ್ಷಮೆಯ ಮಾತು ನೀವು ಸುರಕ್ಷಿತವಾದ ಮೇಲೆ.